ಗುಳಿಗೆ ನಮ್ಮದು, ಪುಡಿ ಯಾರದು?

ಜಲನಗರದ ಬಂಧುಗಳೇ, ಆದಿಲ್‌ಶಾಹಿಗಳು ವಿಜಯಪುರಕ್ಕೆ ಒಂದೇ ಕಡೆಯ ನೀರನ್ನು ನಂಬಲಿಲ್ಲ. ತೊರವಿಯಿಂದ ಸುರಂಗ, ಬೇಗಂ ತಲಾಬಿನಿಂದ ಕೊಳವೆ, ಊರೊಳಗೆ ತಾಜ್ ಬಾವಡಿ. ಔಷಧದ ವಿಷಯದಲ್ಲಿ ನಾವು ಅಷ್ಟು ಜಾಣರಾಗಲಿಲ್ಲ.

1954ರಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ಸ್ಥಾಪನೆಯಾದ ಸರ್ಕಾರಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಪೆನಿಸಿಲಿನ್ ತಯಾರಿಸಿತು. ಮುಂದೆ ಚೀನಾದ ಅಗ್ಗದ ಸರಕು ಬಂದು, ಇಲ್ಲಿನ ಪೆನಿಸಿಲಿನ್-ಜಿ ಘಟಕಗಳು ಮುಚ್ಚಿದವು. ಗುಳಿಗೆ ನಮ್ಮದು, ಒಳಗಿನ ಪುಡಿ ಅವರದು! ರುಮ್ಯಾಟಿಕ್ ಜ್ವರದಿಂದ ಹೃದಯ ಕೆಟ್ಟ ಮಕ್ಕಳಿಗೆ ಮೂರ್ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ ಕೊಡುವ ಚುಚ್ಚುಮದ್ದಿಗೂ ಮೂಲ ಇದೇ.

2020ರ ಮಾರ್ಚ್‌ನಲ್ಲಿ, ಕೊರೊನಾದಿಂದ ಚೀನಾದ ಕಾರ್ಖಾನೆಗಳು ನಿಂತಾಗ, ಕೇಂದ್ರವು ಪ್ಯಾರಾಸಿಟಮಾಲ್ ಸೇರಿ 26 ಔಷಧ, ಕಚ್ಚಾವಸ್ತುಗಳ ರಫ್ತನ್ನು ನಿರ್ಬಂಧಿಸಿತು. ಅದೇ ವರ್ಷ ಪ್ರೋತ್ಸಾಹಧನ ಯೋಜನೆ ಬಂತು; 2024ರಲ್ಲಿ ಆಂಧ್ರದ ಕಾಕಿನಾಡ ಬಳಿ ಪೆನಿಸಿಲಿನ್-ಜಿ ಮತ್ತೆ ತಯಾರಾಯಿತು. ಅಗ್ಗದ ಆಮದಿನೆದುರು ಅದು ಎಷ್ಟು ದಿನ ನಿಂತೀತು ಎಂಬುದೇ ನನ್ನ ಅಳುಕು.