ಹಳೆಯ ಪದ, ಹೊಸ ಕೊರಳು
(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಇಂದಿನ ಮಾತಿಗೆ ನಾವು ಆರಿಸಿಕೊಂಡಿರುವುದು ಒಂದು ಹಾಡಿನ ಸಂಪುಟವನ್ನು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರಲ್ಲಿ ಹೊರತಂದ ಮೊದಲ ಆಲ್ಬಂ ಅದು. ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿಯ ಸಂಸ್ಥೆ ಅದನ್ನು ಪ್ರಕಟಿಸಿತು. ಅದರಲ್ಲಿರುವ ಹಾಡುಗಳು ಎಂಟು. ಎರಡು ಶಿಶುನಾಳ ಶರೀಫ ಸಾಹೇಬರ ತತ್ತ್ವಪದಗಳು. ಉಳಿದ ಆರು ಈ ಕಾಲದಲ್ಲಿ ಹುಟ್ಟಿದವು. ಐದು ಹಿಂದಿಯಲ್ಲಿ, ಒಂದು ಇಂಗ್ಲಿಷಿನಲ್ಲಿ. ಗಿಟಾರು ಹಿಡಿದು ಶರೀಫರ ಪದ ಹಾಡಬಹುದೆ, ಹೊಸ ಹಾಡುಗಳ ಪಕ್ಕದಲ್ಲಿ ಅದನ್ನು ಕೂರಿಸಬಹುದೆ, ಎಂದು ಹಿರಿಯರು ಕೆಲವರು ಕೇಳುತ್ತಾರೆ. ಪ್ರಶ್ನೆ ಸಣ್ಣದಲ್ಲ. ಊರು ಬಿಟ್ಟು ಬಂದ ನಮಗಂತೂ ಅದು ಮನೆಯ ಪ್ರಶ್ನೆಯೇ ಸರಿ.

ಶರೀಫರು ಹುಟ್ಟಿದ್ದು 1819ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ. ಮುಸಲ್ಮಾನರ ಮನೆಯ ಮಗ. ಗುರುವಾಗಿ ಒಲಿದವರು ಕಳಸದ ಗೋವಿಂದಭಟ್ಟರು. 1889ರಲ್ಲಿ ಅವರು ತೀರಿಕೊಂಡರು. ಅವರು ಪದ ಕಟ್ಟಿದ್ದು ಪುಸ್ತಕಕ್ಕಾಗಿ ಅಲ್ಲ. ಕಣ್ಣೆದುರಿಗೆ ಇದ್ದ ವಸ್ತುವನ್ನೇ ಅವರು ಹಿಡಿದರು: ಸೇದುವ ಗುಡುಗುಡಿ, ಅಂಗಳದ ಕೋಳಿ, ಸೋರುವ ಮಾಳಿಗೆ. ಮಾಳಿಗೆ ಎಂದರೇನೆಂಬುದು ರಾಯಚೂರು, ಕಲಬುರಗಿ, ಧಾರವಾಡದ ಕಡೆಯವರಿಗೆ ಹೇಳಬೇಕಾದದ್ದಿಲ್ಲ. ತೊಲೆ ಜಂತಿಗಳ ಮೇಲೆ ಮಣ್ಣು ಹಾಸಿದ ಛಾವಣಿ ಅದು. ಮಳೆಗಾಲ ಬರುವ ಮೊದಲು ಯಾರಾದರೊಬ್ಬರು ಮೇಲೆ ಹತ್ತಿ ಬಿರುಕು ಮುಚ್ಚಬೇಕು. ಇಲ್ಲವಾದರೆ ರಾತ್ರಿ ಹಾಸಿಗೆ ನೆನೆಯುತ್ತದೆ. ಅಜ್ಞಾನದಿಂದ ಕೆಡುವ ಬಾಳನ್ನು ಶರೀಫರು ಈ ಮನೆಯ ಕಷ್ಟದಲ್ಲಿಯೇ ಕಂಡರು. ರಘು ದೀಕ್ಷಿತರ ಆಲ್ಬಂನಲ್ಲಿ ಇರುವುದು ಈ ಮಾಳಿಗೆಯ ಪದವೂ ಆ ಗುಡುಗುಡಿಯ ಪದವೂ.

ಈ ಪದಗಳು ಶರೀಫರ ಕಾಲದಿಂದ ನಮ್ಮವರೆಗೆ ಬಂದ ದಾರಿಯನ್ನು ನೋಡಿರಿ. ಮೊದಲು ಅವನ್ನು ಹೊತ್ತವರು ಹಳ್ಳಿಯ ಭಜನಾ ಮೇಳದವರು. ಏಕತಾರಿ, ದಮ್ಮಡಿ, ತಾಳ ಅವರ ವಾದ್ಯಗಳು. ಆಮೇಲೆ ಸಿ. ಅಶ್ವತ್ಥರ ಕೊರಳು ಅವನ್ನು ಕ್ಯಾಸೆಟ್ಟಿನ ಮೂಲಕ ಪೇಟೆಯ ಮನೆಗಳಿಗೆ ತಂದಿತು. 1990ರಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಿತು. ಅದಕ್ಕೂ ಸಂಗೀತ ಅಶ್ವತ್ಥರದೇ. ಅದಾದ ಮೇಲೆ ಈ ಗಿಟಾರು. ಒಂದೊಂದು ಸಲವೂ ಹಿಂದಿನವರು, ‘ಹೀಗಲ್ಲ, ಹಾಗೆ’ ಎಂದಿರಬೇಕು. ಆದರೆ ಪದ ಸಾಯಲಿಲ್ಲ. ರಘು ದೀಕ್ಷಿತರು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದವರು, ಭರತನಾಟ್ಯ ಕಲಿತವರು. ಅವರು ಶರೀಫರನ್ನು ಹಾಡುವಾಗ ತಮ್ಮ ಕಾಲವನ್ನು ಹೊರಗೆ ಬಿಟ್ಟು ಬರುವುದು ಹೇಗೆ? ಶರೀಫರೂ ತಮ್ಮ ಕಾಲವನ್ನು ಬಿಟ್ಟಿರಲಿಲ್ಲವಷ್ಟೆ. ಹೊಸ ಹಾಡು ಕಟ್ಟಬಲ್ಲವನ ಬಾಯಲ್ಲಿ ಹಳೆಯದೂ ಜೀವಂತವಾಗಿರುತ್ತದೆ.

ಒಂದು ಕೊರತೆಯನ್ನೂ ಹೇಳಬೇಕು. ಭಜನೆಯಲ್ಲಿ ಒಬ್ಬ ಹೇಳಿದರೆ ಹತ್ತು ಜನ ಹಿಂದೆ ಹೇಳುತ್ತಿದ್ದರು. ದನಿ ಚೆನ್ನಾಗಿಲ್ಲದವನಿಗೂ ಅಲ್ಲಿ ಪಾಲು ಇತ್ತು. ಧ್ವನಿಮುದ್ರಿಕೆ ನಮ್ಮನ್ನು ಕೇಳುವವರನ್ನಾಗಿ ಕೂರಿಸಿಬಿಡುತ್ತದೆ. ವಾದ್ಯಗಳು ಏರಿದ ಕಡೆ ಮಾತು ಮುಳುಗುವುದೂ ಉಂಟು; ತತ್ತ್ವಪದದಲ್ಲಿ ಮಾತು ಮುಳುಗಿದರೆ ಉಳಿಯುವುದೇನು? ಇದು ಈ ಆಲ್ಬಂ ಒಂದರ ಕೊರತೆಯಲ್ಲ, ಆ ಸಾಧನದ್ದು. ಅದನ್ನು ತುಂಬಬೇಕಾದವರು ಗಾಯಕರಲ್ಲ, ನಾವು.

ಇನ್ನು ಹೆಸರಿನ ಮಾತು. ಇಂಗ್ಲೆಂಡಿನಲ್ಲಿ ಸೆಸಿಲ್ ಶಾರ್ಪ್ ಎಂಬ ಸಂಗೀತದ ಉಪಾಧ್ಯಾಯರು 1903ರಲ್ಲಿ ಸಾಮರ್‌ಸೆಟ್ ಪ್ರಾಂತದ ಒಂದು ಹಳ್ಳಿಯಲ್ಲಿ ತೋಟದ ಆಳು ಹಾಡಿದ್ದನ್ನು ಕೇಳಿ ಬರೆದುಕೊಂಡರು. ಅಲ್ಲಿಂದ ಮುಂದೆ ಸಾವಿರಾರು ಹಾಡುಗಳನ್ನು ಕೂಡಿಸಿದರು. ಆ ದೇಶದ ಇಂದಿನ ಜನಪದ ಗಾಯಕರೂ ಹಳೆಯ ಹಾಡುಗಳನ್ನು ತಮ್ಮ ಸ್ವಂತ ಹಾಡುಗಳ ಜೊತೆ ಸೇರಿಸಿ ಆಲ್ಬಂ ಮಾಡುತ್ತಾರೆ. ಆ ಆಳಿನ ಹೆಸರು ಜಾನ್ ಇಂಗ್ಲೆಂಡ್ ಎಂದು ಇಂದಿಗೂ ತಿಳಿದಿದೆ. ಏಕೆಂದರೆ ಹಾಡಿನ ಜೊತೆಗೆ ಹೆಸರೂ ಬರಹಕ್ಕೆ ಬಂದಿತು. ನಮ್ಮಲ್ಲಿ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಅಂಥದೇ ದೊಡ್ಡ ಕೆಲಸ ಮಾಡಿದರು. ಅವರ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಆದರೆ ಆ ಹಾಡುಗಳನ್ನು ಬೀಸುವ ಕಲ್ಲಿನ ಮುಂದೆ ಕುಳಿತು ಮೊದಲು ಕಟ್ಟಿದ ಗರತಿಯರ ಹೆಸರುಗಳು ಅದಕ್ಕೆ ಮೊದಲೇ ಹೋಗಿಬಿಟ್ಟಿದ್ದವು.

ಕಾನೂನು ಏನನ್ನುತ್ತದೆ? ನಮ್ಮ ದೇಶದಲ್ಲಿ ಕವಿ ತೀರಿದ ಮೇಲೆ 60 ವರ್ಷ ಕೃತಿಯ ಹಕ್ಕು ಉಳಿಯುತ್ತದೆ. ಹಾಗಾಗಿ ಶರೀಫರ ಪದ ಈಗ ಎಲ್ಲರದು. ಯಾರೂ ಹಾಡಬಹುದು, ಕಾಸು ಕೊಡಬೇಕಾದದ್ದಿಲ್ಲ. ಹೊಸದಾಗಿ ಮಾಡಿದ ಧ್ವನಿಮುದ್ರಣಕ್ಕೆ ಮಾತ್ರ ಪ್ರಕಟವಾದಲ್ಲಿಂದ 60 ವರ್ಷದ ಹಕ್ಕು ಬೇರೆ. ಕಾಸಿನ ಸಾಲ ತೀರಿದರೂ ಹೆಸರಿನ ಸಾಲ ತೀರುವುದಿಲ್ಲ. ಹಾಡುವಾಗ ‘ಇದು ಇಂಥವರದು, ಇಂಥ ಊರಿನದು’ ಎಂದು ಹೇಳುವುದು ಅದರ ಬಡ್ಡಿ.

ಮಾದಾಪುರದಲ್ಲಿ ಈ ಮಾತೇಕೆ ಎನ್ನುವಿರಾದರೆ, ನಮ್ಮನ್ನೇ ನೋಡಿಕೊಳ್ಳೋಣ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಕನ್ನಡ ಈ ನಗರಕ್ಕೆ ನೆಂಟನಾಗಿ ಬಂದದ್ದಲ್ಲ. 1998ರಲ್ಲಿ ಸೈಬರ್ ಟವರ್ಸ್ ಎದ್ದ ಮೇಲೆ ಇಲ್ಲಿ ಕಟ್ಟಡಗಳ ಸಾಲೇ ಬೆಳೆಯಿತು. ಅವುಗಳ ಇಟ್ಟಿಗೆ ಹೊತ್ತವರು, ಬಾಗಿಲು ಕಾಯುವವರು, ಒಳಗೆ ಕುಳಿತು ಲೆಕ್ಕ ಬರೆಯುವವರು, ಇವರಲ್ಲಿ ನಮ್ಮವರೂ ಇದ್ದಾರೆ. ಗಾರೆ ಕಲಸುವ ಒಬ್ಬ ಅಕ್ಕನಿಗೆ ಸೋಬಾನೆ ಪದಗಳು ಬಾಯಿಪಾಠ ಇರಬಹುದು. ಗುಮಾಸ್ತೆಯ ತಾಯಿಗೆ ಡೊಳ್ಳಿನ ಪದ ಗೊತ್ತಿರಬಹುದು. ಕೇಳಿದವರು ಯಾರು? ನಮ್ಮ ಮಕ್ಕಳು ಶಾಲೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷು ಕಲಿಯುತ್ತಾರೆ. ಕಲಿಯಲಿ, ಅನ್ನದ ಭಾಷೆಗಳವು. ಆದರೆ ಕಾಂಕ್ರೀಟಿನ ಕೆಳಗೆ ಬೆಳೆದ ಮಗುವಿಗೆ ಮಾಳಿಗೆ ಎಂದರೇನೆಂದು ಹೇಳುವವರೇ ಇಲ್ಲದೆ ಹೋದರೆ, ಶರೀಫರ ಪದ ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳದು.

ಆದ್ದರಿಂದ ನಮ್ಮದೊಂದು ಚಿಕ್ಕ ಸಲಹೆ. ವಾಚನಾಲಯದ ಮೇಜಿನ ಮೇಲೆ ಪತ್ರಿಕೆಗಳ ಪಕ್ಕದಲ್ಲಿ ಒಂದು ದಪ್ಪ ನೋಟುಪುಸ್ತಕ ಇಡೋಣ. ಹಾಡು ಬಲ್ಲವರು ಹೇಳಲಿ, ಬರಹ ಬಲ್ಲವರು ಬರೆದುಕೊಳ್ಳಲಿ. ಹೇಳಿದವರು ಒಪ್ಪಿದರೆ ಅವರ ಹೆಸರು, ಊರು, ಯಾರಿಂದ ಕಲಿತರೆಂಬುದು, ಇಷ್ಟೂ ಇರಲಿ. ತಿಂಗಳಿಗೊಂದು ಭಾನುವಾರ ರಘು ದೀಕ್ಷಿತರ ಆಲ್ಬಂ ಒಮ್ಮೆ ಕೇಳೋಣ. ಕೇಳಿದ ಮೇಲೆ ಅದನ್ನು ನಿಲ್ಲಿಸಿ, ಅದೇ ಪದವನ್ನು ನಾವು ಹಾಡೋಣ. ರಾಗ ತಪ್ಪಿದರೆ ನಕ್ಕು ಮುಂದಕ್ಕೆ ಹೋಗೋಣ. ಮಕ್ಕಳು ಹೊಸದೊಂದನ್ನು ಕಟ್ಟಿ ತಂದರೆ ಅದಕ್ಕೂ ಅದೇ ಪುಸ್ತಕದಲ್ಲಿ ಒಂದು ಪುಟ ಕೊಡೋಣ.