ಮುಟ್ಟಿದರೆ ಮಾಯವಾಗುವ ದೋಷ

(ಧ್ವನಿವರ್ಧಕಗಳ ದುರಸ್ತಿ ಕಲಿಯುತ್ತಿರುವ ಯುವಕರ ಮುಂದೆ ಆಡಿದ ಮಾತುಗಳ ಬರಹರೂಪ)



ಪೂರ್ತಿ ಕೆಟ್ಟುಹೋದ ಯಂತ್ರ ರಿಪೇರಿಯವನನ್ನು ಅಷ್ಟಾಗಿ ಕಾಡುವುದಿಲ್ಲ. ಎಲ್ಲಿ ಸತ್ತಿದೆ ಎಂದು ಹುಡುಕಿದರಾಯಿತು. ಜೀವ ತಿನ್ನುವುದು ಬಂದು ಹೋಗುವ ದೋಷ. ಕಾರ್ಯಕ್ರಮದ ನಡುವೆ ದನಿ ಕುಸಿಯುತ್ತದೆ. ಅಂಗಡಿಯ ಮೇಜಿನ ಮೇಲಿಟ್ಟರೆ ದಿನವಿಡೀ ಸೊಗಸಾಗಿ ಹಾಡುತ್ತದೆ. ಡಾಕ್ಟರ ಮನೆಯ ಮೆಟ್ಟಿಲು ಹತ್ತಿದೊಡನೆ ನಿಂತುಹೋಗುವ ಹಲ್ಲುನೋವಿನ ಹಾಗೆ. ಗಿಟಾರಿನ ವಾಲ್ವ್ ಆಂಪ್ಲಿಫೈಯರಿನಲ್ಲಿ ಇಂಥ ದೋಷವನ್ನು ಹಿಡಿಯುವುದು ಹೇಗೆ ಎಂಬುದೇ ಇಂದಿನ ಮಾತು.

ಜಮಖಂಡಿ, ಮುಧೋಳದ ಕಡೆಗೂ ಗಿಟಾರಿನ ಪೆಟ್ಟಿಗೆಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು 1943ರ 'ಕಿಸ್ಮತ್' ಚಿತ್ರಕ್ಕೆ ಹಾಡಿದಾಗ ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರಲಿಲ್ಲ. ಟಾಕೀಸಿನಲ್ಲಾಗಲಿ ರೇಡಿಯೋದಲ್ಲಾಗಲಿ ಆ ಕಂಠ ಕೇಳಿಸಿದ್ದು ವಾಲ್ವಿನ ಮೂಲಕವೇ. ನಮ್ಮ ಪಾರಿಜಾತದವರು, ಕಂಪನಿ ನಾಟಕದವರು ಮೈಕು ಇಲ್ಲದ ಕಾಲದಲ್ಲಿ ಏರು ಶ್ರುತಿಯಲ್ಲಿ ಬೆಳಗಿನ ತನಕ ಹಾಡಿದರು; ಮೈಕ್‌ಸೆಟ್ ಬಂದ ಹೊಸತರಲ್ಲಿ ಅದರೊಳಗೆ ಉರಿಯುತ್ತಿದ್ದುದೂ ವಾಲ್ವುಗಳೇ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ಅಂಥ ಚಿಕ್ಕ ವಾಲ್ವುಗಳ ತಯಾರಿಕೆ ಆರಂಭಿಸಿತು. ಮೈಕ್‌ಸೆಟ್ಟುಗಳು ಕಾಲಕ್ರಮದಲ್ಲಿ ವಾಲ್ವನ್ನು ಬಿಟ್ಟವು. ಗಿಟಾರಿನವರು ಮಾತ್ರ ಬಿಡಲಿಲ್ಲ. ವಾಲ್ವನ್ನು ಅದರ ಶಕ್ತಿ ಮೀರಿ ದುಡಿಸಿದಾಗ ದನಿ ಒಂದು ಬಗೆಯಲ್ಲಿ ಒಡೆಯುತ್ತದೆ. ಮೈಕಿನವನಿಗೆ ಅದು ದೋಷ, ಗಿಟಾರಿನವನಿಗೆ ರುಚಿ!

ವಾಲ್ವಿನ ಕೆಲಸ ಸರಳ. ಗಾಜಿನ ನಿರ್ವಾತದಲ್ಲಿ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು ಪ್ಲೇಟಿನತ್ತ ಹರಿಯುತ್ತವೆ. ನಡುವಿನ ಗ್ರಿಡ್ ಕಾಲುವೆಯ ತೂಬಿನಂತೆ ಆ ಹರಿವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಗಿಟಾರಿನಿಂದ ಬಂದ ವೋಲ್ಟಿನ ಒಂದು ಚೂರನ್ನು ಇಸಿಸಿ 83ರಂಥ ಚಿಕ್ಕ ವಾಲ್ವುಗಳು ಹಿಗ್ಗಿಸಿ, ಇಎಲ್ 34ರಂಥ ದೊಡ್ಡವುಗಳಿಗೆ ಒಪ್ಪಿಸುತ್ತವೆ. ಇದಕ್ಕೆಲ್ಲ ಶಾಖ ಬೇಕು. ಪ್ರತಿ ಸಲ ಹಚ್ಚಿದಾಗ ಲೋಹ ಹಿಗ್ಗುತ್ತದೆ, ಆರಿಸಿದಾಗ ಕುಗ್ಗುತ್ತದೆ. ಸಾಲದ್ದಕ್ಕೆ ಎಷ್ಟೋ ಗಿಟಾರ್ ಪೆಟ್ಟಿಗೆಗಳಲ್ಲಿ ಸ್ಪೀಕರೂ ಆಂಪ್ಲಿಫೈಯರೂ ಒಂದೇ ಗೂಡಿನ ಸಂಸಾರ. ನುಡಿಸಿದಷ್ಟು ಹೊತ್ತೂ ನಡುಕ. ಬೆಸುಗೆ ಬಿರುಕು ಬಿಡುವುದಕ್ಕೆ, ವಾಲ್ವಿನ ಕಾಲು ಹಿಡಿದ ಸಾಕೆಟ್ ಸಡಿಲಾಗುವುದಕ್ಕೆ ಇನ್ನೇನು ಬೇಕು?

ರಸಮಂಜರಿಯ ಹುಡುಗನೊಬ್ಬ ಪೆಟ್ಟಿಗೆ ತಂದ ಅನ್ನಿ. ಸ್ಕ್ರೂ ಡ್ರೈವರ್ ಎತ್ತುವ ಮೊದಲು ಅವನನ್ನು ಮಾತಾಡಿಸಿ. ದನಿ ಮೆಲ್ಲಗೆ ಇಳಿಯಿತೋ, ಥಟ್ಟನೆ ಬಿತ್ತೋ? ಹಚ್ಚಿದ ಕೂಡಲೆಯೋ, ಅರ್ಧ ತಾಸಿನ ಮೇಲೋ? ಚರಚರ ಸದ್ದು ಇತ್ತೋ? ಜೋರಾಗಿ ಒಂದು ಮೀಟು ಹಾಕಿದರೆ ಮರಳಿ ಬರುತ್ತದೋ? ಹಾಗೆ ಮರಳುವುದಾದರೆ ಯಾವುದೋ ಜಾಕಿನ ಅಥವಾ ಸ್ವಿಚ್ಚಿನ ಸಂಪರ್ಕಕ್ಕೆ ಕಿಲುಬು ಹಿಡಿದಿರುವ ಸಂಶಯ ಬಲವಾಗುತ್ತದೆ. ಈ ಐದು ನಿಮಿಷದ ಮಾತು ಎರಡು ದಿನದ ಕೆಲಸ ಉಳಿಸುತ್ತದೆ.

ಆಮೇಲೆ ಹೊರಗಿನದು: ಬೇರೆ ಗಿಟಾರ್, ಬೇರೆ ಕೇಬಲ್, ಗೋಡೆಯ ಪ್ಲಗ್. ಸ್ಪೀಕರಿನ ತಂತಿಯನ್ನೂ ನೋಡಿ, ಆದರೆ ಆಂಪ್ಲಿಫೈಯರ್ ಆರಿಸಿಯೇ. ಸ್ಪೀಕರಿನ ಹೊರೆ ಇಲ್ಲದೆ ವಾಲ್ವ್ ಆಂಪ್ಲಿಫೈಯರನ್ನು ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಬನಹಟ್ಟಿಯ ನೇಕಾರ ಬಟ್ಟೆಯಲ್ಲಿ ಉದ್ದಕ್ಕೆ ಬಿದ್ದ ಗೆರೆ ಕಂಡರೆ ಮಗ್ಗವನ್ನೆಲ್ಲ ಬಿಚ್ಚುವುದಿಲ್ಲ. ಬಟ್ಟೆಯಿಂದ ಹಿಂದಕ್ಕೆ ಎಳೆಯ ಜಾಡು ಹಿಡಿದು ಹಣಿಗೆಯವರೆಗೆ, ಅದರಾಚೆಗೆ ಹೋಗುತ್ತಾನೆ. ಇಲ್ಲಿಯೂ ಹಾಗೆಯೇ ದಾರಿಯನ್ನು ಅರ್ಧಕ್ಕೆ ತುಂಡರಿಸಬೇಕು. ಎಷ್ಟೋ ಆಂಪ್ಲಿಫೈಯರುಗಳ ಹಿಂದೆ ಎಫೆಕ್ಟ್ಸ್‌ಗೆಂದು ಸೆಂಡ್, ರಿಟರ್ನ್ ಎಂಬ ಎರಡು ಜಾಕುಗಳಿರುತ್ತವೆ. ದನಿ ಬಿದ್ದಾಗ ಒಂದು ಗಟ್ಟಿ ಕೇಬಲ್ಲಿನಿಂದ ಅವೆರಡನ್ನೂ ಜೋಡಿಸಿ. ದನಿ ಎದ್ದು ನಿಂತರೆ ಅಪರಾಧಿ ರಿಟರ್ನ್ ಜಾಕಿನೊಳಗಿನ ಪುಟ್ಟ ಸ್ವಿಚ್ಚೇ ಇರಬಹುದು. ಮೊದಲು ಅದನ್ನು ಶುಚಿಮಾಡಿ.

ಈಗ ಬಹುಮಂದಿ ಎಡವುವ ಜಾಗ. ದೋಷ ಬಂತು, ವಾಲ್ವ್ ಬದಲಿಸಿದೆವು, ಹೋಯಿತು. ವಾಲ್ವ್ ಕೆಟ್ಟಿತ್ತು ಎಂದು ತೀರ್ಪು ಕೊಟ್ಟು ಹಣ ತೆಗೆದುಕೊಳ್ಳುತ್ತೇವೆ. ನನ್ನ ಪ್ರಕಾರ ಅದು ರಿಪೇರಿಯಲ್ಲ, ಊಹೆ. ವಾಲ್ವನ್ನು ಕೀಳುವಾಗ, ಕೂರಿಸುವಾಗ ಅದರ ಕಾಲುಗಳು ಸಾಕೆಟ್ಟನ್ನು ಉಜ್ಜುತ್ತವೆ, ಕಿಲುಬು ಹೋಗುತ್ತದೆ, ಬಿರುಕು ಬಿಟ್ಟ ಬೆಸುಗೆ ಕೂಡ ಸ್ವಲ್ಪ ಕೂಡಿಕೊಳ್ಳುತ್ತದೆ. ಆದ್ದರಿಂದ ಹಳೆಯ ವಾಲ್ವನ್ನೇ ಮತ್ತೆ ಹಾಕಿ ನೋಡಿ. ದೋಷ ಮರಳಿದರೆ ವಾಲ್ವಿನ ಮೇಲೆ ಸಂಶಯಪಡಿ. ಹಳೆಯದನ್ನು ಹಾಕಿದರೂ ದೋಷವಿಲ್ಲವೆಂದರೆ ಸಾಕೆಟ್ಟಿನತ್ತ ತಿರುಗಿ. ಹೊಸ ವಾಲ್ವ್ ಇಂದು ರಷ್ಯಾ, ಸ್ಲೊವಾಕಿಯಾ, ಚೀನಾದಿಂದ ಬರಬೇಕು. ಒಳ್ಳೆಯದನ್ನು ಕಸಕ್ಕೆ ಎಸೆಯುವುದು ಗಿರಾಕಿಯ ಹಣವನ್ನು ಎಸೆದಂತೆ. ದೋಷವನ್ನು ನಾವು ಕರೆದಾಗ ಬರುವಂತೆ, ಕಳಿಸಿದಾಗ ಹೋಗುವಂತೆ ಮಾಡಬಲ್ಲೆವಾದರೆ ಮಾತ್ರ ಅದು ಸಿಕ್ಕಿತೆಂದು ಲೆಕ್ಕ.

ಕರೆಯುವ ಉಪಾಯ ಎರಡು. ಒಂದು, ಒಣಗಿದ ಬಿದಿರು ಕಡ್ಡಿಯಿಂದ ತಟ್ಟುವುದು. ಜೋರಾಗಿ ತಟ್ಟಿದರೆ ಬೋರ್ಡಿನ ಯಾವ ಮೂಲೆ ಮುಟ್ಟಿದರೂ ಚರಚರ ಎನ್ನುತ್ತದೆ, ಏನೂ ತಿಳಿಯುವುದಿಲ್ಲ. ಪೆಟ್ಟು ಹಗುರಾದಷ್ಟೂ ಜಾಗ ಕಿರಿದಾಗುತ್ತದೆ. ಮೊದಲ ವಾಲ್ವನ್ನು ತಟ್ಟಿದಾಗ ಅದು ಸ್ವಲ್ಪ ಟಣ್ ಎನ್ನುವುದು ಸಹಜ, ಹೆದರಬೇಡಿ. ಇನ್ನೊಂದು ಉಪಾಯ ಶಾಖ: ಕೂದಲು ಒಣಗಿಸುವ ಯಂತ್ರದಿಂದ ಒಂದೊಂದೇ ಭಾಗವನ್ನು ಬಿಸಿ ಮಾಡುವುದು, ತಂಪಿನ ಸ್ಪ್ರೇಯಿಂದ ಆರಿಸುವುದು. ಮುಧೋಳದ ನಾಯಿ ಕಣ್ಣಿನಿಂದ ಬೇಟೆ ಹಿಡಿಯುವ ಜಾತಿ. ಈ ಬೇಟೆಯಲ್ಲಿ ಮಾತ್ರ ಕಣ್ಣಿಗಿಂತ ಕಿವಿ ದೊಡ್ಡದು. ಥಳಥಳಿಸುವ ಬೆಸುಗೆಯೂ ಒಳಗೆ ಸಡಿಲಿರಬಹುದು. ಹಾಗೆಂದು ಎಲ್ಲ ಬೆಸುಗೆಗಳನ್ನೂ ಒಟ್ಟಿಗೆ ಕಾಯಿಸಿಬಿಡಬೇಡಿ. ದೋಷ ಹೋದರೂ ಎಲ್ಲಿತ್ತೆಂದು ಗೊತ್ತಾಗುವುದಿಲ್ಲ, ಹೊಸದೊಂದು ಹುಟ್ಟಿಕೊಂಡರೂ ಆಶ್ಚರ್ಯವಿಲ್ಲ.

ತಟ್ಟುವ ಕೆಲಸ ವಿದ್ಯುತ್ ಹರಿಯುವಾಗಲೇ ನಡೆಯಬೇಕಲ್ಲವೇ? ಆದ್ದರಿಂದ ಇದನ್ನು ಬಲ್ಲವರ ಜೊತೆ ನಿಂತು ಕಲಿಯಬೇಕು, ಒಬ್ಬರೇ ಅಲ್ಲ. ಒಳಗೆ 400 ವೋಲ್ಟಿಗೂ ಮೀರಿ ಇರಬಹುದು. ಒಂದು ಕೈ ಬೆನ್ನ ಹಿಂದೆ ಇರಲಿ. ಕೈಯಿಂದ ಕೈಗೆ ಹರಿಯುವ ವಿದ್ಯುತ್ತು ಎದೆಯನ್ನು ಹಾದುಹೋಗುತ್ತದೆ. ಪ್ಲಗ್ ಕಿತ್ತರೂ ಕೆಪಾಸಿಟರುಗಳು ವಿದ್ಯುತ್ತನ್ನು ಹಿಡಿದುಕೊಂಡೇ ಇರುತ್ತವೆ. ತಕ್ಕ ರೆಸಿಸ್ಟರಿನ ಮೂಲಕ ಅದನ್ನು ಬರಿದುಮಾಡಿ, ಮೀಟರಿನಲ್ಲಿ ಅಳೆದು ನೋಡಿದ ಮೇಲೆಯೇ ಬೆಸುಗೆಗೆ ಕೈ ಹಾಕಬೇಕು. ಇದರಲ್ಲಿ ಧೈರ್ಯ ತೋರಿಸುವ ಮಾತೇ ಇಲ್ಲ.

ದೋಷ ಸಿಕ್ಕಿತು, ತಿದ್ದಿದಿರಿ. ಕೂಡಲೆ ಫೋನು ಮಾಡಿ ಗಿರಾಕಿಯನ್ನು ಕರೆಯಬೇಡಿ. ಬಿಚ್ಚಿಟ್ಟ ಯಂತ್ರಕ್ಕೆ ಗಾಳಿ ಆಡುತ್ತದೆ, ಸ್ಪೀಕರಿನ ನಡುಕವೂ ಅಷ್ಟಾಗಿ ತಟ್ಟುವುದಿಲ್ಲ. ಮತ್ತೆ ಗೂಡಿಗೆ ಸೇರಿಸಿ, ಸ್ಕ್ರೂ ಬಿಗಿದು, ಕಾರ್ಯಕ್ರಮದಲ್ಲಿ ನುಡಿಸುವಷ್ಟೇ ಜೋರಾಗಿ ಎರಡು ತಾಸು ನುಡಿಸಿ. ಯಾವ ಸಾಕೆಟ್ಟಿನ ಯಾವ ಕಾಲನ್ನು ಬೆಸೆದಿರಿ ಎಂಬುದನ್ನು ತಾರೀಖಿನೊಂದಿಗೆ ಒಂದು ಚೀಟಿಯಲ್ಲಿ ಬರೆದು ಗೂಡಿನ ಒಳಮೈಗೆ ಅಂಟಿಸಿ. ಮುಂದಿನ ಸಲ ಅದನ್ನು ಬಿಚ್ಚುವವರು ನೀವೇ ಆಗಿರಬೇಕೆಂದೇನೂ ಇಲ್ಲವಲ್ಲ.