ಭಾರ ಹಾಕಿ ಎದ್ದವರು

ಕಲಘಟಗಿಯ ನಮಗೆ ಹುಬ್ಬಳ್ಳಿ-ಧಾರವಾಡ ಪ್ಯಾಟಿಯ ದಾರಿ. ಆ ಸೀಮೆಗೆ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಜರ್ಮನಿಯ ತರುಣನೊಬ್ಬ ಬಂದ. ಹೆಸರು ಫರ್ಡಿನಾಂಡ್ ಕಿಟೆಲ್, ವಯಸ್ಸು 21. ಕ್ರಿಸ್ತನ ಮಾತು ಹೇಳಲು ಬಂದವರಿಗೆ ಮೊದಲು ನಮ್ಮ ಮಾತು ಕಲಿಯಬೇಕೆನಿಸಿತು.

1864ರಲ್ಲಿ ಹೆಂಡತಿ ಪೌಲಿನಾ ತೀರಿಕೊಂಡರು. ಕಿಟೆಲ್ ದೇವರ ಮೇಲೆ ಭಾರ ಹಾಕಿದರು ನಿಜ, ಹಾಕಿ ಸುಮ್ಮನೆ ಕೂರಲಿಲ್ಲ. 1877ರಲ್ಲಿ ಜರ್ಮನಿಗೆ ಮರಳಿದವರು, ಕನ್ನಡ ನಿಘಂಟಿಗಾಗಿ 1883ರಲ್ಲಿ ಸಂಸಾರವನ್ನು ಅಲ್ಲೇ ಬಿಟ್ಟು ಮತ್ತೆ ಹಡಗು ಹತ್ತಿದರು. ಆಗ ಅವರಿಗೆ 51. ಆರೋಗ್ಯ ಕೆಟ್ಟಿತು, ಕಣ್ಣು ಸೋತವು. ಪದ ಕೂಡಿಸುವುದು ನಿಲ್ಲಲಿಲ್ಲ. ಒಂದೊಂದು ಪದಕ್ಕೂ ಅರ್ಥ, ಪ್ರಯೋಗ, ನೆರೆಭಾಷೆಯ ರೂಪ, ಎಷ್ಟೋ ಕಡೆ ಗಾದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಕೋಶದಲ್ಲಿ ಸುಮಾರು 70,000 ಪದಗಳಿವೆ. ಈ ನಿಷ್ಠೆಯ ಬೆಲೆಯನ್ನು ದೂರದ ಜರ್ಮನಿಯಲ್ಲಿ ಉಳಿದ ಎರಡನೆಯ ಹೆಂಡತಿ ಜೂಲಿಯೂ ತೆತ್ತರು. ಅವರ ಹೆಸರನ್ನು ನಾವು ಹೇಳುವುದೇ ಕಡಿಮೆ.

ಧಾರವಾಡಕ್ಕೆ ಹೋದಾಗ ಗ್ರಂಥಾಲಯದಲ್ಲಿ ಕಿಟೆಲ್ ಕೋಶ ಕೇಳಿ, ಒಂದೆರಡು ಪುಟ ತಿರುವಿ ನೋಡಿ. ನಿಮ್ಮಜ್ಜಿ ಆಡುತ್ತಿದ್ದ ಗಾದೆ ಅಲ್ಲಿ ಸಿಕ್ಕೀತು.